ಥರ್ಮೋಸ್ಟಾಟ್ ಕಣ್ಣು ಮುಚ್ಚಿದಾಗ: ಕರೆಂಟು, ವೈರಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕ, ಕೆನಡಾ ಕಡೆ ಮನೆ ಮಾಡಿಕೊಂಡಿರುವ ನಮ್ಮವರಿಗೆ ಅಕ್ಟೋಬರ್ ಬಂತೆಂದರೆ ಒಂದು ಕೆಲಸ ತಪ್ಪಿದ್ದಲ್ಲ. ಬೇಸಿಗೆಯಿಡೀ ಮಲಗಿದ್ದ ಹೀಟರನ್ನು ಎಬ್ಬಿಸುವುದು. ಆ ವಾರವೇ ನನಗೆ ಫೋನುಗಳು ಶುರು: "ಥರ್ಮೋಸ್ಟಾಟ್ ಹೋಯ್ತು ಮಾರಾಯ, ಯಾವುದು ತಗೊಳ್ಳಲಿ?" ಥರ್ಮೋಸ್ಟಾಟ್ ಅಂದರೆ ಮನೆ ಎಷ್ಟು ಬಿಸಿ, ಎಷ್ಟು ತಂಪು ಇರಬೇಕೆಂದು ಹೀಟರಿಗೂ ಎಸಿಗೂ ಹೇಳುವ, ಗೋಡೆಯ ಮೇಲಿನ ಡಬ್ಬಿ. ನಾನು ಎಲೆಕ್ಟ್ರಿಷಿಯನ್ ಅಲ್ಲ. ಮಿಷಿಗನ್‌ನ ಚಳಿಯಲ್ಲಿ ಸ್ವಂತ ಮನೆಯ ಫರ್ನೇಸನ್ನೂ (ಗಾಳಿ ಕಾಯಿಸಿ ಮನೆಯಿಡೀ ಹರಿಸುವ ಹೀಟರ್) ಗೆಳೆಯರ ಮನೆಯದನ್ನೂ ಬಿಚ್ಚಿ ನೋಡಿ ಕಲಿತವನು, ಅಷ್ಟೆ. ಹಾಗೆ ನೋಡಿದ್ದರಲ್ಲಿ ಹೆಚ್ಚಿನ ಸಲ ಥರ್ಮೋಸ್ಟಾಟ್ ಕೆಟ್ಟಿರಲಿಲ್ಲ. ಅದಕ್ಕೆ ಕರೆಂಟೇ ಬರುತ್ತಿರಲಿಲ್ಲ. ಹಾಗಾಗಿ ಹೊಸದು ಆರ್ಡರ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ.

ಈ ಡಬ್ಬಿಗೆ ಕರೆಂಟು ಬರುವುದಾದರೂ ಎಲ್ಲಿಂದ?

ಫರ್ನೇಸಿನಿಂದ. ಅದರ ಒಳಗೆ ಮುಷ್ಟಿ ಗಾತ್ರದ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ. ಮನೆಯ 120 ವೋಲ್ಟನ್ನು ಅದು 24 ವೋಲ್ಟಿಗೆ ಇಳಿಸುತ್ತದೆ. ಅಲ್ಲಿಂದ ಸಣ್ಣ ವೈರುಗಳು ಗೋಡೆಯೊಳಗೆ ಹತ್ತಿ ಥರ್ಮೋಸ್ಟಾಟಿಗೆ ಬರುತ್ತವೆ. ಆರ್ ಎಂಬ ವೈರಿನಲ್ಲಿ ಕರೆಂಟು ಬರುತ್ತದೆ. ಆರ್ ಅನ್ನು ಡಬ್ಲ್ಯೂ ಜೊತೆ ಕೂಡಿಸಿದರೆ ಹೀಟರ್, ವೈ ಜೊತೆ ಕೂಡಿಸಿದರೆ ಎಸಿ, ಜಿ ಜೊತೆ ಕೂಡಿಸಿದರೆ ಬರೀ ಫ್ಯಾನು.

ಹಳೇ ಕಾಲದ ಥರ್ಮೋಸ್ಟಾಟ್ ಮಾಡುತ್ತಿದ್ದದ್ದು ಇಷ್ಟೇ. ಹನಿವೆಲ್ 1953ರಲ್ಲಿ ಮಾರಾಟಕ್ಕೆ ತಂದ ದುಂಡನೆಯದು ಈಗಲೂ ಎಷ್ಟೋ ಹಳೇ ಮನೆಗಳ ಗೋಡೆಯ ಮೇಲಿದೆ. ಅದಕ್ಕೆ ಕರೆಂಟೇ ಬೇಡ, ಅದು ಬರೀ ಸ್ವಿಚ್ಚು. (ನಿಮ್ಮ ಮನೆಯಲ್ಲಿ ಅಂಥದ್ದಿದ್ದು, ಒಳಗೆ ಪಾದರಸದ ಗಾಜಿನ ಗುಂಡು ಕಂಡರೆ ಕಸದ ಬುಟ್ಟಿಗೆ ಎಸೆಯಬೇಡಿ. ಊರಿನ ಅಪಾಯಕಾರಿ ಕಸ ತಗೊಳ್ಳುವ ಜಾಗಕ್ಕೆ ಕೊಡಿ.) ಸ್ಮಾರ್ಟ್ ಥರ್ಮೋಸ್ಟಾಟ್ ಹಾಗಲ್ಲ. ಸ್ಕ್ರೀನು, ವೈಫೈ ಎಲ್ಲ ಇರುವುದರಿಂದ ಅದಕ್ಕೆ 24 ಗಂಟೆಯೂ ಊಟ ಬೇಕು. ಸಮಸ್ಯೆ ಹುಟ್ಟುವುದೇ ಅಲ್ಲಿ.

ಮುಟ್ಟುವ ಮುಂಚೆ ಏನು ಮಾಡಬೇಕು?

ಫರ್ನೇಸಿನ ಬ್ರೇಕರ್ ಆಫ್ ಮಾಡಿ. 24 ವೋಲ್ಟ್ ತಾನೇ, ಶಾಕ್ ಹೊಡೆಯಲ್ಲ ಅಂತ ನಾನೂ ಒಮ್ಮೆ ಹಾಗೇ ವೈರು ಎಳೆದೆ. ಆರ್ ವೈರಿನ ತುದಿ ಪಕ್ಕದ ಸಿ ವೈರಿಗೆ (ಕರೆಂಟು ವಾಪಸ್ ಹೋಗುವ ವೈರು) ತಾಗಿತು. ಚಿಟ್ ಎಂದು ಸಾಸಿವೆ ಕಾಳಿನಷ್ಟು ಕಿಡಿ. ನನಗೇನೂ ಆಗಲಿಲ್ಲ, ಫರ್ನೇಸ್ ಮಾತ್ರ ಸತ್ತಿತು. ಆ ರಾತ್ರಿ ಮಕ್ಕಳು ಜಾಕೆಟ್ ಹಾಕಿಕೊಂಡೇ ಮಲಗಿದರು. ಮಾರನೇ ದಿನ ಬಂದ ಟೆಕ್ನಿಷಿಯನ್ ಫರ್ನೇಸಿನ ಬಾಗಿಲು ತೆಗೆದು, ನೇರಳೆ ಬಣ್ಣದ ಒಂದು ಫ್ಯೂಸ್ ಕಿತ್ತು, ಇನ್ನೊಂದು ಸಿಕ್ಕಿಸಿ ಹೋದ. ಎರಡು ನಿಮಿಷದ ಕೆಲಸ. ದುಡ್ಡು ಮಾತ್ರ ಪೂರ್ತಿ ವಿಸಿಟ್‌ದು.

ಇನ್ನೊಂದು ಮಾತು. ಫರ್ನೇಸಿನ ಒಳಗೆ 120 ವೋಲ್ಟೂ ಇರುತ್ತದೆ. ಅದು ಹೊಡೆಯುತ್ತದೆ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚೂ ಮುಟ್ಟದೆ ಹೊರಗೆ ಹೋಗಿ, ಗ್ಯಾಸ್ ಕಂಪನಿಗೆ ಅಲ್ಲಿಂದ ಫೋನ್ ಮಾಡಿ.

ಹಳೇ ಥರ್ಮೋಸ್ಟಾಟ್ ಬಿಚ್ಚುವ ಮುಂಚೆ ವೈರುಗಳ ಫೋಟೋ ತೆಗೆದುಕೊಳ್ಳಿ. ಆಮೇಲೆ ಎಲ್ಲರೂ ಬೈದುಕೊಳ್ಳುವುದು ಇದೊಂದಕ್ಕೇ.

ಸ್ಕ್ರೀನ್ ಪೂರ್ತಿ ಕಪ್ಪು. ಎಲ್ಲಿಂದ ಶುರು ಮಾಡಲಿ?

ಬ್ಯಾಟರಿ ಹಾಕುವ ಮಾದರಿಯಾದರೆ ಮೊದಲು ಬ್ಯಾಟರಿ ಬದಲಿಸಿ. ಗೂಗಲ್ 2020ರಲ್ಲಿ ತಂದ ನೆಸ್ಟ್ ಥರ್ಮೋಸ್ಟಾಟಿಗೆ ಎರಡು ಟ್ರಿಪಲ್ ಎ ಸೆಲ್ ಬೇಕು. ಎಷ್ಟೋ ಜನ ಅದರ ಒಳಗೆ ಸೆಲ್ ಇದೆ ಅನ್ನುವುದನ್ನೇ ಮರೆತಿರುತ್ತಾರೆ.

ಅದಲ್ಲದಿದ್ದರೆ ಫರ್ನೇಸಿನ ಹತ್ತಿರ ಹೋಗಿ. ಅದರ ಪಕ್ಕದಲ್ಲೋ ಬೇಸ್‌ಮೆಂಟಿನ ಮೆಟ್ಟಿಲ ತುದಿಯಲ್ಲೋ ಒಂದು ಸ್ವಿಚ್ಚು ಇರುತ್ತದೆ. ನೋಡಲು ಥೇಟ್ ಲೈಟಿನ ಸ್ವಿಚ್ಚು. ಕೆಲವು ಮನೆಗಳಲ್ಲಿ ಅದರ ಪ್ಲೇಟು ಕೆಂಪಗಿರುತ್ತದೆ, ಹೆಚ್ಚಿನ ಕಡೆ ಇರುವುದಿಲ್ಲ. ನಮ್ಮ ಮನೆಯಲ್ಲಿ ಅಪ್ಪ ಮೈಸೂರಿನಿಂದ ಬಂದಿದ್ದಾಗ ಮೂರು ದಿನ ಬೆಳಗ್ಗೆ ಮನೆ ತಣ್ಣಗೆ. ನಾನು ಥರ್ಮೋಸ್ಟಾಟನ್ನು ಬಿಚ್ಚಿದೆ, ಹಾಕಿದೆ, ರೀಸೆಟ್ ಮಾಡಿದೆ. ನಾಲ್ಕನೇ ರಾತ್ರಿ ನೋಡಿದರೆ ಅಪ್ಪ ಮಲಗುವ ಮುಂಚೆ ಒಂದೊಂದೇ ಸ್ವಿಚ್ ಆರಿಸುತ್ತಾ ಬರುತ್ತಿದ್ದಾರೆ. "ಇದ್ಯಾವುದೋ ಲೈಟೇ ಇಲ್ಲದ ಸ್ವಿಚ್ಚು, ಸುಮ್ನೆ ಆನ್ ಇಟ್ಟಿರ್ತೀರಲ್ಲೋ" ಎಂದರು. ಈಗ ಅದರ ಮೇಲೆ ಟೇಪ್ ಅಂಟಿಸಿ ಕನ್ನಡದಲ್ಲೇ "ಮುಟ್ಟಬೇಡಿ" ಎಂದು ಬರೆದಿದ್ದೇನೆ.

ಸ್ವಿಚ್ ಆನ್ ಇದ್ದರೆ, ಫರ್ನೇಸಿನ ಬಾಗಿಲು ನೋಡಿ. ಫಿಲ್ಟರ್ ಬದಲಾಯಿಸಿದ ದಿನವೇ ಥರ್ಮೋಸ್ಟಾಟ್ ಸತ್ತರೆ ಅನುಮಾನ ಅಲ್ಲೇ ಇರಲಿ. ಆ ತಗಡಿನ ಬಾಗಿಲ ಹಿಂದೆ ಒಂದು ಗುಂಡಿ ಇರುತ್ತದೆ. ಬಾಗಿಲು ಅದನ್ನು ಒತ್ತಿ ಹಿಡಿದರೆ ಮಾತ್ರ ಕರೆಂಟು. ನಮ್ಮ ಫ್ರಿಜ್ಜಿನ ಲೈಟಿನ ಗುಂಡಿ ಇದೆಯಲ್ಲ, ಅದರ ಉಲ್ಟಾ. ಬಾಗಿಲು ಅರ್ಧ ಇಂಚು ಸರಿದಿದ್ದರೂ ಸಾಕು, ಎಲ್ಲ ಬಂದ್. ಬಾಗಿಲನ್ನು ಎತ್ತಿ, ಕೆಳಗಿನ ಸೀಳಿಗೆ ಸರಿಯಾಗಿ ಕೂರಿಸಿ ಒತ್ತಿ.

ಆಮೇಲೆ ಬ್ರೇಕರ್. ಆಮೇಲೆ ಫ್ಯೂಸ್.

ಬೇಸಿಗೆಯಲ್ಲಿ, ಎಸಿ ಓಡುತ್ತಿದ್ದಾಗ ಸ್ಕ್ರೀನ್ ಆರಿತು. ಈಗ?

ನೀರು ನೋಡಿ. ತಮಾಷೆ ಅಲ್ಲ. ಎಸಿ ಗಾಳಿಯಿಂದ ಹಿಂಡಿದ ನೀರು ಒಂದು ಪ್ಲಾಸ್ಟಿಕ್ ಪೈಪಿನಲ್ಲಿ ಹೊರಗೆ ಹೋಗಬೇಕು. ಪೈಪಿನೊಳಗೆ ಪಾಚಿ ಕಟ್ಟಿದರೆ ನೀರು ತಟ್ಟೆಯಲ್ಲಿ ಏರುತ್ತದೆ. ಅಲ್ಲೊಂದು ತೇಲುವ ಸ್ವಿಚ್ಚು ಇರುತ್ತದೆ, ಫ್ಲೋಟ್ ಸ್ವಿಚ್. ನೀರು ಅದನ್ನು ಎತ್ತಿದ ಕೂಡಲೇ, ಛಾವಣಿ ನೆನೆಯದಿರಲಿ ಅಂತ ಅದು 24 ವೋಲ್ಟಿನ ದಾರಿಯನ್ನೇ ಕಡಿದುಬಿಡುತ್ತದೆ. ಕೆಲವು ಮನೆಗಳಲ್ಲಿ ಅದು ವೈ ವೈರನ್ನು ಮಾತ್ರ ಕಡಿಯುತ್ತದೆ, ಆಗ ಸ್ಕ್ರೀನು ಇರುತ್ತದೆ, ತಂಪು ಇರುವುದಿಲ್ಲ. ಆರ್ ವೈರನ್ನೇ ಕಡಿಯುವ ಹಾಗೆ ಜೋಡಿಸಿದ್ದರೆ ಥರ್ಮೋಸ್ಟಾಟೇ ಕಪ್ಪಾಗುತ್ತದೆ.

ಡಲ್ಲಾಸ್‌ನ ಗೆಳೆಯನೊಬ್ಬ ಜುಲೈನಲ್ಲಿ ಹೊಸ ಥರ್ಮೋಸ್ಟಾಟ್ ತಂದು ಹಾಕಿದ. ಅದೂ ಕಪ್ಪು. ಅಲ್ಲಿ ಫರ್ನೇಸ್ ಇರುವುದು ಅಟ್ಟದಲ್ಲಿ, ಜುಲೈನಲ್ಲಿ ಅಲ್ಲಿಗೆ ಹತ್ತಿದರೆ ಬೇಯುತ್ತೀರಿ, ಅದಕ್ಕೇ ಯಾರೂ ಹತ್ತುವುದಿಲ್ಲ. ವಿಡಿಯೋ ಕಾಲ್ ಮಾಡಿ ಹತ್ತಿಸಿದೆ. ತಟ್ಟೆಯ ತುಂಬಾ ನೀರು. ಹೊರಗೆ ಪೈಪಿನ ಬಾಯಿಗೆ ನೀರೆಳೆಯುವ ವ್ಯಾಕ್ಯೂಮ್ ಹಿಡಿದು ಎಳೆದಾಗ ದೋಸೆ ಹಿಟ್ಟಿನಂಥ ಗಸಿ ಬಂತು. ತಟ್ಟೆಯ ನೀರನ್ನೂ ಎಳೆದು ತೆಗೆದ. ಫ್ಲೋಟ್ ಕೆಳಗಿಳಿಯಿತು, ಸ್ಕ್ರೀನ್ ತಾನೇ ಬೆಳಗಿತು. ಈಗ ಅವನು ಬೇಸಿಗೆಯಲ್ಲಿ ಆಗಾಗ ಆ ಪೈಪಿಗೆ ಒಂದು ಲೋಟ ಬಿಳಿ ವಿನೆಗರ್ ಸುರಿಯುತ್ತಾನೆ.

ಫ್ಯೂಸ್ ಎಲ್ಲಿರುತ್ತದೆ? ಹಾಕಿದರೂ ಮತ್ತೆ ಮತ್ತೆ ಹೋಗುತ್ತದಲ್ಲ?

ಫರ್ನೇಸಿನ ಕಂಟ್ರೋಲ್ ಬೋರ್ಡಿನ ಮೇಲೆ ಕಾರಿನಲ್ಲಿ ಹಾಕುವಂಥ ಎರಡು ಕಾಲಿನ ಫ್ಯೂಸ್ ಇರುತ್ತದೆ. 3 ಆಂಪ್ ಆದರೆ ನೇರಳೆ, 5 ಆಂಪ್ ಆದರೆ ತಿಳಿ ಕಂದು. ಕಾರಿನ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಬೋರ್ಡಿನ ಮೇಲೆ 3 ಎಂದಿದ್ದರೆ 3 ಅನ್ನೇ ಹಾಕಿ. "ಜಾಸ್ತಿ ಹಾಕಿದ್ರೆ ತಡ್ಕೊಳ್ಳತ್ತೆ" ಎನ್ನುವವರ ಮಾತು ಕೇಳಿದರೆ ಮುಂದಿನ ಸಲ ಸುಡುವುದು ಟ್ರಾನ್ಸ್‌ಫಾರ್ಮರ್.

ಮತ್ತೆ ಮತ್ತೆ ಹೋಗುತ್ತಿದ್ದರೆ ಎಲ್ಲೋ ಶಾರ್ಟ್ ಆಗುತ್ತಿದೆ. ಯಾವಾಗ ಹೋಗುತ್ತದೆ ಎಂದು ಗಮನಿಸಿ. ಹೀಟರ್ ಆರಾಮಾಗಿ ಓಡುತ್ತದೆ, ಎಸಿ ಹಾಕಿದ ಕೂಡಲೇ ಫ್ಯೂಸ್ ಹೋಗುತ್ತದೆ ಎಂದಾದರೆ ಮನೆಯ ಹೊರಗೆ ಹೋಗಿ. ಹೊರಗಿನ ಯೂನಿಟ್ಟಿಗೆ ಹೋಗುವ ಸಣ್ಣ ವೈರನ್ನು ಅಳಿಲು ಕಡಿದಿರುತ್ತದೆ, ಇಲ್ಲವೇ ಹುಲ್ಲು ಕತ್ತರಿಸುವ ಮಿಷನ್ನಿನ ದಾರ ಸವರಿ ತೊಗಟೆ ಸುಲಿದಿರುತ್ತದೆ. ಅದೆರಡೂ ಅಲ್ಲದಿದ್ದರೆ ಆ ಯೂನಿಟ್ಟನ್ನು ಆನ್ ಮಾಡುವ ದೊಡ್ಡ ಸ್ವಿಚ್ಚಿನ, ಅಂದರೆ ಕಾಂಟ್ಯಾಕ್ಟರಿನ, ಕಾಯಿಲ್ ಹೋಗಿರಬಹುದು. ಏನೂ ಓಡದಿದ್ದಾಗಲೇ ಫ್ಯೂಸ್ ಹೋದರೆ ಥರ್ಮೋಸ್ಟಾಟಿನ ಹಿಂದೆ ಆರ್ ಮತ್ತು ಸಿ ಬರಿ ತಾಮ್ರ ಒಂದಕ್ಕೊಂದು ತಾಗುತ್ತಿದೆಯಾ ನೋಡಿ.

ಎಲ್ಲರೂ ಸಿ ವೈರ್, ಸಿ ವೈರ್ ಅನ್ನುತ್ತಾರಲ್ಲ, ಏನದು?

ಕರೆಂಟು ಹೋಗಲು ಒಂದು ದಾರಿ ಇದ್ದರೆ ಸಾಲದು, ವಾಪಸ್ ಬರಲೂ ದಾರಿ ಬೇಕು. ಆ ವಾಪಸ್ ದಾರಿಯೇ ಸಿ. ಹಳೇ ಥರ್ಮೋಸ್ಟಾಟಿಗೆ ಅದು ಬೇಕಿರಲಿಲ್ಲವಲ್ಲ, ಹಾಗಾಗಿ ಹಳೇ ಮನೆ ಕಟ್ಟಿದವರು ನಾಲ್ಕೇ ವೈರು ಎಳೆದಿರುತ್ತಾರೆ. ಹೀಟರ್ ಮಾತ್ರ ಇರುವ ಮನೆಯಾದರೆ ಎರಡೇ.

ಸಿ ಇಲ್ಲದ ಕಡೆ ಕೆಲವು ಥರ್ಮೋಸ್ಟಾಟುಗಳು ಕದ್ದು ತಿನ್ನುತ್ತವೆ. ಡಬ್ಲ್ಯೂ ಅಥವಾ ವೈ ವೈರಿನ ಮೂಲಕ, ಹೀಟರೂ ಎಸಿಯೂ ಏಳದಷ್ಟು ಸಣ್ಣ ಕರೆಂಟು ಹರಿಸಿ, ಒಳಗಿನ ಬ್ಯಾಟರಿ ತುಂಬಿಕೊಳ್ಳುತ್ತವೆ. ಹೀಟರ್ ಓಡುತ್ತಿರುವಾಗ ಹೀಗೆ ಕದಿಯುವುದು ಇನ್ನೂ ಕಷ್ಟ. ಅಂದರೆ ಹೊರಗೆ ಕೊರೆಯುವ ಚಳಿ ಇದ್ದು ಹೀಟರ್ ಗಂಟೆಗಟ್ಟಲೆ ಓಡುವ ರಾತ್ರಿಯೇ ಬ್ಯಾಟರಿ ಇಳಿಯುವುದು. ನನ್ನನ್ನು ಕೇಳಿದರೆ, ಕಂಪನಿಯವರು "ಸಿ ವೈರ್ ಬೇಕಿಲ್ಲ" ಎಂದು ಡಬ್ಬಿಯ ಮೇಲೆ ಎಷ್ಟೇ ದೊಡ್ಡದಾಗಿ ಬರೆದಿರಲಿ, ಸಿ ಹಾಕಿಸಿ.

ನನ್ನ ಮನೆಯಲ್ಲಿ ಸಿ ಇಲ್ಲ. ಗೋಡೆ ಒಡೆಯಬೇಕಾ?

ಮೊದಲು ಥರ್ಮೋಸ್ಟಾಟನ್ನು ಬಿಚ್ಚಿ ಗೋಡೆಯ ತೂತಿನೊಳಗೆ ಇಣುಕಿ. ಕೇಬಲ್ಲಿನ ಹೊರ ತೊಗಟೆಯ ಸುತ್ತ ಬಳಸದ ಒಂದು ವೈರನ್ನು ಸುತ್ತಿಟ್ಟಿರುವುದು ಬಹಳ ಸಲ ಕಾಣುತ್ತದೆ, ಹೆಚ್ಚಾಗಿ ನೀಲಿ. ಸಿಕ್ಕಿತು ಅಂದರೆ ಅದೃಷ್ಟ. ಆದರೆ ಇಲ್ಲಿ ಮಾತ್ರ ಸಿಕ್ಕಿಸಿದರೆ ಸಾಲದು, ಫರ್ನೇಸಿನ ಕಡೆಯೂ ಅದೇ ವೈರನ್ನು ಹುಡುಕಿ ಬೋರ್ಡಿನ ಸಿ ಸ್ಕ್ರೂವಿಗೆ ಕೂರಿಸಬೇಕು. ಅರ್ಧ ಜನ ಮರೆಯುವುದು ಇದನ್ನೇ. ಆ ಸ್ಕ್ರೂವಿನಲ್ಲಿ ಈಗಾಗಲೇ ಒಂದು ವೈರು ಇದ್ದರೆ ಅದನ್ನು ಕೀಳಬೇಡಿ, ಅದು ಹೊರಗಿನ ಎಸಿಗೆ ಹೋಗುವುದು. ಎರಡನ್ನೂ ಒಟ್ಟಿಗೆ ಕೂರಿಸಿ.

ಮಿಗಿಸಿದ ವೈರು ಇಲ್ಲದಿದ್ದರೆ ಅಡಾಪ್ಟರ್. ಇಕೋಬಿ ಎಂಬ ಕಂಪನಿಯ ಹೆಚ್ಚಿನ ಥರ್ಮೋಸ್ಟಾಟುಗಳ ಜೊತೆ ಪಿಇಕೆ ಎಂಬ ಸಣ್ಣ ಪೆಟ್ಟಿಗೆ ಬರುತ್ತದೆ. ಅದನ್ನು ಫರ್ನೇಸಿನೊಳಗೆ ಕೂರಿಸಿದರೆ ಇರುವ ನಾಲ್ಕೇ ವೈರಿನಲ್ಲಿ ಐದರ ಕೆಲಸ ಆಗುತ್ತದೆ. ಆಗ ಗೋಡೆಯ ಕಡೆ ಜಿ ವೈರು ಸಿ ತೂತಿಗೆ, ವೈ ವೈರು ಪಿಇಕೆ ತೂತಿಗೆ ಹೋಗುತ್ತದೆ. ಹಳೇ ಜಾಗಕ್ಕೇ ಸಿಕ್ಕಿಸಿ "ಆನ್ ಆಗ್ತಿಲ್ಲ" ಅಂದವರು ನನಗೆ ಗೊತ್ತು. ನೆಸ್ಟಿಗೂ ಪವರ್ ಕನೆಕ್ಟರ್ ಎಂಬ ಇಂಥದ್ದೇ ಪೆಟ್ಟಿಗೆ ಇದೆ, ಬೇರೆ ಕೊಳ್ಳಬೇಕು.

ಡೋರ್‌ಬೆಲ್ಲಿನ ಟ್ರಾನ್ಸ್‌ಫಾರ್ಮರ್ ಬಳಸೋಣವಾ ಎಂದು ಕೇಳಬೇಡಿ. ಅವು ಹೆಚ್ಚಾಗಿ 16 ವೋಲ್ಟಿನವು. ಬೇಡ.

ನೆಸ್ಟ್ "ಬ್ಯಾಟರಿ ಕಡಿಮೆ" ಎನ್ನುತ್ತಿದೆ. ತಕ್ಷಣಕ್ಕೆ ಏನು ಮಾಡಲಿ?

ಲರ್ನಿಂಗ್ ಥರ್ಮೋಸ್ಟಾಟ್‌ನ ಹಳೇ ಮಾದರಿಗಳಾದರೆ ಗೋಡೆಯಿಂದ ಎಳೆದು ತೆಗೆಯಿರಿ. ಹಿಂದೆ ಯುಎಸ್‌ಬಿ ತೂತು ಇರುತ್ತದೆ. ಹಳೇ ಫೋನಿನ ಚಾರ್ಜರ್ ಸಿಕ್ಕಿಸಿ ಒಂದೆರಡು ಗಂಟೆ ಬಿಟ್ಟರೆ ಮತ್ತೆ ಏಳುತ್ತದೆ. ಇದು ಹಸಿದವನಿಗೆ ಬಿಸ್ಕತ್ತು ಕೊಟ್ಟ ಹಾಗೆ, ಊಟ ಅಲ್ಲ.

ಎದ್ದ ಮೇಲೆ ಸೆಟ್ಟಿಂಗ್ಸಿನ ಟೆಕ್ನಿಕಲ್ ಇನ್ಫೋಗೆ ಹೋಗಿ ಪವರ್ ಪುಟ ನೋಡಿ. ಬ್ಯಾಟರಿ 3.6 ವೋಲ್ಟಿಗಿಂತ ಮೇಲಿರಬೇಕು. ವಿನ್ ಎಂಬುದು (ಒಳಗೆ ಬರುವ ವೋಲ್ಟ್) 29ರಿಂದ 42ರ ನಡುವೆ ಇದ್ದರೆ ಸರಿ. 24 ವೋಲ್ಟ್ ಅಂದಿರಲ್ಲ ಅಂತ ಗಾಬರಿ ಬೇಡ, ಥರ್ಮೋಸ್ಟಾಟ್ ಎಸಿ ಕರೆಂಟನ್ನು (ತಂಪು ಮಾಡುವ ಎಸಿ ಅಲ್ಲ, ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟು) ಡಿಸಿ ಮಾಡಿಕೊಂಡ ಮೇಲಿನ ಲೆಕ್ಕ ಅದು. ಐಇನ್ ಎಂಬುದು (ಒಳಗೆ ಬರುವ ಕರೆಂಟು) ಸಿ ವೈರ್ ಇದ್ದರೆ 100 ಮಿಲಿಆಂಪ್ ಅಥವಾ ಹೆಚ್ಚು, ಇಲ್ಲದಿದ್ದರೆ 20, 40 ಎಂದು ತೋರಿಸುತ್ತದೆ. ಸಿ ಸಿಕ್ಕಿಸಿದ್ದೇನೆ ಎಂದು ನೀವಂದುಕೊಂಡಿದ್ದು ಅಲ್ಲಿ 20 ಕಂಡರೆ, ಆ ವೈರಿನ ಇನ್ನೊಂದು ತುದಿ ಫರ್ನೇಸಿನಲ್ಲಿ ಗಾಳಿಯಲ್ಲಿ ನೇತಾಡುತ್ತಿದೆ.

ಮೊದಲನೇ, ಎರಡನೇ ತಲೆಮಾರಿನ ನೆಸ್ಟ್ ಆಪ್‌ನಲ್ಲಿ ಕಾಣುತ್ತಿಲ್ಲ ಎಂದಾದರೆ ವೈರು ಹುಡುಕಬೇಡಿ. ಗೂಗಲ್ 2025ರ ಅಕ್ಟೋಬರಿನಲ್ಲಿ ಅವಕ್ಕೆ ಬೆಂಬಲ ನಿಲ್ಲಿಸಿದೆ. ಗೋಡೆಯ ಮೇಲೆ ತಿರುಗಿಸಿದರೆ ಈಗಲೂ ಕೆಲಸ ಮಾಡುತ್ತವೆ.

ಇ74, ಇ73, ಇ195 ಅಂತ ಬರುತ್ತಿದೆ.

ಇವು ನೆಸ್ಟಿನ ಕೋಡ್‌ಗಳು. ಮೂರೂ ಹೇಳುವುದು ಒಂದೇ: ಆರ್ ವೈರಿನಲ್ಲಿ ಕರೆಂಟಿಲ್ಲ. ಇ74 ಅಂದರೆ ಆರ್‌ಎಚ್, ಇ73 ಅಂದರೆ ಆರ್‌ಸಿ, ಇ195 ಅಂದರೆ ಆರ್. ಮೇಲೆ ಹೇಳಿದ ಸ್ವಿಚ್ಚು, ಬಾಗಿಲು, ಫ್ಯೂಸು, ನೀರು, ಎಲ್ಲ ಇನ್ನೊಮ್ಮೆ ನೋಡಿ.

ಆರ್‌ಎಚ್, ಆರ್‌ಸಿ ಎರಡು ಯಾಕೆ? ನನ್ನ ಹತ್ತಿರ ಒಂದೇ ಕೆಂಪು ವೈರಿದೆ.

ಹೀಟರಿಗೆ ಒಂದು, ಎಸಿಗೆ ಒಂದು ಟ್ರಾನ್ಸ್‌ಫಾರ್ಮರ್ ಬೇರೆ ಬೇರೆ ಇರುವ ಮನೆಗಳಿಗಾಗಿ. ಬಿಸಿನೀರಿನ ಬಾಯ್ಲರ್ ಇದ್ದು, ಆಮೇಲೆ ಎಸಿ ಕೂರಿಸಿದ ಹಳೇ ಮನೆಗಳಲ್ಲಿ ಹಾಗಿರುತ್ತದೆ. ಒಂದೇ ವೈರಿದ್ದರೆ ಇಕೋಬಿಯಲ್ಲಿ ಆರ್‌ಸಿಗೆ ಹಾಕಿ. ನೆಸ್ಟ್ ಲರ್ನಿಂಗ್ ಮೂರನೇ ತಲೆಮಾರಿನದಕ್ಕೆ ಯಾವುದಕ್ಕೆ ಹಾಕಿದರೂ ನಡೆಯುತ್ತದೆ. ಎರಡು ವೈರು ಬಂದಿದ್ದರೆ ಅವನ್ನು ಒಟ್ಟಿಗೆ ಹೊಸೆಯಬೇಡಿ, ಎರಡು ಟ್ರಾನ್ಸ್‌ಫಾರ್ಮರ್ ಗುದ್ದಾಡಿಕೊಳ್ಳುತ್ತವೆ.

ಬಣ್ಣ ನೋಡಿ ಜೋಡಿಸಿದೆ. ಕೆಲಸ ಮಾಡುತ್ತಿಲ್ಲ.

ಬಣ್ಣ ನಂಬಬೇಡಿ, ಅಕ್ಷರ ನಂಬಿ. ಕೆಂಪು ಆರ್, ಬಿಳಿ ಡಬ್ಲ್ಯೂ, ಹಳದಿ ವೈ, ಹಸಿರು ಜಿ ಎನ್ನುವುದು ವಾಡಿಕೆ, ಅಷ್ಟೆ. ವೈರು ಎಳೆದವನ ಕೈಯಲ್ಲಿ ಆ ದಿನ ಯಾವುದಿತ್ತೋ ಅದು. ಅನುಮಾನ ಬಂದರೆ ಫರ್ನೇಸಿನ ಬೋರ್ಡಿನಲ್ಲಿ ಯಾವ ಬಣ್ಣ ಯಾವ ಅಕ್ಷರದ ಕೆಳಗಿದೆ ಎಂದು ನೋಡಿಕೊಂಡು ಬನ್ನಿ.

ಹೀಟ್ ಪಂಪ್ (ಒಂದೇ ಯಂತ್ರದಲ್ಲಿ ತಂಪೂ ಬಿಸಿಯೂ ಮಾಡುವುದು) ಇದ್ದವರಿಗೆ ಒಂದು ಎಚ್ಚರಿಕೆ. ಟ್ರೇನ್ ಕಂಪನಿಯ ಕೆಲವು ಹೀಟ್ ಪಂಪ್‌ಗಳಲ್ಲಿ ಬಿ ಎಂದು ಗುರುತಿಸಿದ ನೀಲಿ ವೈರು ನಿಜವಾಗಿ ಸಿ. ಅದನ್ನು, ಬಿಸಿ-ತಂಪು ಬದಲಿಸಲು ಹೇಳುವ ಓ/ಬಿ ತೂತಿಗೆ ಹಾಕಿದರೆ ಶಾರ್ಟ್ ಆಗಿ ಫ್ಯೂಸೋ ಟ್ರಾನ್ಸ್‌ಫಾರ್ಮರೋ ಹೋಗುತ್ತದೆ.

ತಂಪು ಕೇಳಿದರೆ ಬಿಸಿ ಗಾಳಿ ಬರುತ್ತಿದೆ!

ಹೀಟ್ ಪಂಪ್ ಇದೆ ಅಲ್ವಾ? ವೈರು ಸರಿಯಿದೆ, ಸೆಟ್ಟಿಂಗ್ ತಪ್ಪಿದೆ. ಓ/ಬಿಯನ್ನು ಓ ಇಂದ ಬಿಗೆ ಬದಲಿಸಿ. ಹೆಚ್ಚಿನ ಕಂಪನಿಗಳದ್ದು ಓ. ರೀಮ್, ರೂಡ್ ಸಾಮಾನ್ಯವಾಗಿ ಬಿ.

ಮಲ್ಟಿಮೀಟರ್ ಇದೆ. ಏನು ಅಳೆಯಲಿ?

ಮೀಟರನ್ನು ಎಸಿ ವೋಲ್ಟಿಗೆ (ಎಸಿ ಕರೆಂಟು ಅಳೆಯುವ ಗುರುತಿಗೆ) ತಿರುಗಿಸಿ. ಡಿಸಿಯಲ್ಲಿಟ್ಟು "ಸೊನ್ನೆ ತೋರಿಸ್ತಿದೆ" ಅನ್ನುವುದು ನಾನೂ ಮಾಡಿದ ತಪ್ಪು. ಬ್ರೇಕರ್ ಆನ್ ಇರಲಿ, ಕಡ್ಡಿಗಳ ತುದಿ ಪಕ್ಕದ ಸ್ಕ್ರೂವಿಗೆ ತಾಗದಿರಲಿ. ಫರ್ನೇಸಿನ ಬೋರ್ಡಿನಲ್ಲಿ ಆರ್ ಮತ್ತು ಸಿ ನಡುವೆ 24ರಿಂದ 28 ಬರಬೇಕು. ಬಾಗಿಲು ತೆಗೆದರೆ ಆ ಗುಂಡಿ ಮೇಲೆದ್ದು ಕರೆಂಟು ಹೋಗುತ್ತದಲ್ಲ, ಬೆರಳಲ್ಲಿ ಒತ್ತಿ ಹಿಡಿದುಕೊಳ್ಳಬೇಕು. ಅಲ್ಲಿ ಬಂದು ಗೋಡೆಯಲ್ಲಿ ಬರದಿದ್ದರೆ ನಡುವೆ ಎಲ್ಲೋ ವೈರು ತುಂಡಾಗಿದೆ ಅಥವಾ ಫ್ಲೋಟ್ ಸ್ವಿಚ್ ಎದ್ದಿದೆ. ಗೋಡೆಯಲ್ಲಿ ಸಿ ಇಲ್ಲದಿದ್ದರೆ ಆರ್ ಮತ್ತು ಡಬ್ಲ್ಯೂ ನಡುವೆ ಅಳೆಯಿರಿ, ಸುಮಾರು ಅಷ್ಟೇ ಬರುತ್ತದೆ.

ಮೀಟರ್ ಇಲ್ಲದಿದ್ದರೂ ಒಂದು ಪರೀಕ್ಷೆ ಇದೆ. ಬ್ರೇಕರ್ ಆಫ್ ಮಾಡಿ, ಗೋಡೆಯಲ್ಲಿ ಆರ್ ಮತ್ತು ಡಬ್ಲ್ಯೂ ವೈರುಗಳ ತುದಿ ಸೇರಿಸಿ ಹೊಸೆಯಿರಿ, ಬ್ರೇಕರ್ ಹಾಕಿ. ಗ್ಯಾಸ್ ಫರ್ನೇಸ್ ಹೊತ್ತಿಕೊಂಡರೆ ಅದಕ್ಕೂ ವೈರಿಗೂ ಏನೂ ಆಗಿಲ್ಲ. ಆಗ ಮಾತ್ರ ಥರ್ಮೋಸ್ಟಾಟನ್ನು ಬೈಯಿರಿ. ಪರೀಕ್ಷೆ ಮುಗಿದ ಮೇಲೆ ವೈರು ಬಿಡಿಸುವುದು ಮರೆಯಬೇಡಿ, ಬಿಡಿಸುವ ತನಕ ಹೀಟರ್ ನಿಲ್ಲುವುದಿಲ್ಲ.

ವೈರುಗಳು ಬೆರಳಿನಷ್ಟು ದಪ್ಪಗಿವೆ, ಎರಡೇ ಇವೆ.

ನಿಲ್ಲಿಸಿ. ಅದು 120 ಅಥವಾ 240 ವೋಲ್ಟು, ಗೋಡೆಯ ಬುಡದಲ್ಲಿ ಕೂರಿಸುವ ಎಲೆಕ್ಟ್ರಿಕ್ ಹೀಟರಿನದು. ಕೆನಡಾದ ಕ್ವಿಬೆಕ್ ಕಡೆ ಬಾಡಿಗೆ ಮನೆಗಳಲ್ಲಿ ಇದೇ ಹೆಚ್ಚು. ನೆಸ್ಟ್, ಇಕೋಬಿ ಹಾಕಿದರೆ ಸುಟ್ಟುಹೋಗುತ್ತವೆ. ಮೈಸಾ, ಸಿನೋಪೆಯಂಥವು ಇದಕ್ಕೆಂದೇ ಮಾಡಿದ ಬೇರೆ ಥರ್ಮೋಸ್ಟಾಟುಗಳು. ಅದನ್ನೂ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ.

ಸ್ಕ್ರೀನ್ ಬೆಳಗಿದೆ, "ಹೀಟಿಂಗ್" ಅಂತಿದೆ, ಗಾಳಿ ಮಾತ್ರ ತಣ್ಣಗಿದೆ.

ಹಾಗಾದರೆ ಕರೆಂಟಿನ ಸಮಸ್ಯೆ ಅಲ್ಲ. ಬೋರ್ಡಿನ ಮೇಲೆ ಮಿನುಗುವ ದೀಪ ಎಷ್ಟು ಸಲ ಮಿನುಗುತ್ತದೆ ಎಣಿಸಿ, ಬಾಗಿಲ ಒಳಮೈಯಲ್ಲಿ ಅಂಟಿಸಿದ ಪಟ್ಟಿಯಲ್ಲಿ ಅರ್ಥ ನೋಡಿ. ಹಿಮ ಬಿದ್ದ ಮಾರನೇ ದಿನವಾದರೆ ಮನೆಯ ಪಕ್ಕದಲ್ಲಿ ಫರ್ನೇಸಿನ ಗಾಳಿ, ಹೊಗೆ ಓಡಾಡುವ ಬಿಳಿ ಪೈಪಿನ ಬಾಯಿ ಮುಚ್ಚಿದೆಯಾ ನೋಡಿ.

ಡಿಸೆಂಬರಿನಲ್ಲಿ ಒಂದು ತಿಂಗಳು ಊರಿಗೆ ಹೋಗುತ್ತಿದ್ದೇವೆ. ಹೀಗೇ ಬಿಟ್ಟು ಹೋಗಬಹುದಾ?

ಸಿ ವೈರ್ ಇಲ್ಲದ ಥರ್ಮೋಸ್ಟಾಟನ್ನು ನಂಬಿ ನಾನು ಹೋಗುವುದಿಲ್ಲ. ನೀವು ಊರಲ್ಲಿ ಮದುವೆ ಊಟ ಮಾಡುತ್ತಿರುವಾಗ ಇಲ್ಲಿ ಬ್ಯಾಟರಿ ಇಳಿದು, ಹೀಟರ್ ನಿಂತು, ಗೋಡೆಯೊಳಗಿನ ನೀರಿನ ಪೈಪು ಹೆಪ್ಪುಗಟ್ಟಿ ಒಡೆದರೆ ಬೇಸ್‌ಮೆಂಟ್ ಪೂರ್ತಿ ಕೆರೆ. ಹೋಗುವ ಮುಂಚೆ ಮನೆಗೆ ಬರುವ ಮುಖ್ಯ ನೀರಿನ ವಾಲ್ವ್ ಮುಚ್ಚಿ, ನಲ್ಲಿ ಬಿಟ್ಟು ಪೈಪಿನ ನೀರು ಖಾಲಿ ಮಾಡಿ. ನೀರು ಕಾಯಿಸುವ ಬಾಯ್ಲರ್‌ನಿಂದ ಮನೆ ಬಿಸಿಯಾಗುವುದಾದರೆ ಮಾತ್ರ, ಮುಚ್ಚುವ ಮುಂಚೆ ಅದರ ಬಗ್ಗೆ ಗೊತ್ತಿದ್ದವರನ್ನು ಕೇಳಿ. ಥರ್ಮೋಸ್ಟಾಟನ್ನು 55 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗೆ ಇಳಿಸಬೇಡಿ. ಪಕ್ಕದ ಮನೆಯವರಿಗೆ ಒಂದು ಬೀಗದ ಕೈ ಕೊಡಿ. ಆಪ್‌ನಲ್ಲಿ "ಆಫ್‌ಲೈನ್" ಎಂದು ಬಂದ ದಿನವೇ ಅವರಿಗೆ ಫೋನ್ ಮಾಡಿ, ವೈಫೈ ಇರಬೇಕು ಬಿಡು ಎಂದು ಸುಮ್ನೆ ಕೂರಬೇಡಿ.

ನಾನು ಸಿ ಹಾಕಿಸುವ ತನಕ ಪ್ರತಿ ಸಲ ಹೊರಡುವ ಹಿಂದಿನ ದಿನ ಸ್ಮಾರ್ಟ್‌ದನ್ನು ಬಿಚ್ಚಿ, ಎರಡು ಡಬಲ್ ಎ ಸೆಲ್ಲಿನ ಹಳೇ ಥರ್ಮೋಸ್ಟಾಟನ್ನೇ ಹೊಸ ಸೆಲ್ ಹಾಕಿ ಸಿಕ್ಕಿಸಿ ಹೋಗುತ್ತಿದ್ದೆ. ಅದಕ್ಕೇ ಹೇಳುವುದು, ಹಳೆಯದನ್ನು ಎಸೆಯಬೇಡಿ.

ಇದನ್ನೇ ಬೆಂಗಳೂರಿನ ಮನೆಗೆ ತಗೊಂಡು ಹೋಗಬಹುದಾ?

ಆಗಲ್ಲ. ಅಲ್ಲಿನ ಮನೆಗಳ ಸ್ಪ್ಲಿಟ್ ಎಸಿಗೆ ಗೋಡೆಯಲ್ಲಿ 24 ವೋಲ್ಟಿನ ವೈರೇ ಇಲ್ಲ, ಅದು ರಿಮೋಟಿನ ಮಾತು ಕೇಳುತ್ತದೆ. ಆ ರಿಮೋಟಿನ ಹಾಗೆ ನಟಿಸುವ ಐಆರ್ ಬ್ಲಾಸ್ಟರ್ ಎಂಬ ಪುಟ್ಟ ಡಬ್ಬಿ ಅಲ್ಲೇ ಸಿಗುತ್ತದೆ, ಯುಎಸ್‌ಬಿ ಚಾರ್ಜರಿನಲ್ಲಿ ಓಡುತ್ತದೆ. ಸೂಟ್‌ಕೇಸಿನಲ್ಲಿ ಆ ಜಾಗಕ್ಕೆ ಬೇರೆ ಏನಾದರೂ ತುಂಬಿಕೊಳ್ಳಿ.